ಊಟ ಆಯ್ತಾ ಅಂತ ಕೇಳುವ ಇನ್ನೊಂದು ಭಾಷೆ: ಆಡುಮಾತಿನ ಕ್ಯಾಂಟೊನೀಸ್ ಕಲಿಯುವುದು ಹೀಗೆ

ಹಾಂಗ್‌ಕಾಂಗ್‌ಗೆ ಹೋದ ಮೊದಲ ವಾರ ಒಂದು ಮಿನಿಬಸ್ ಹತ್ತಿದೆ. ಪುಟ್ಟ ಗಾಡಿ, ಯಮ ವೇಗ. ನಾನು ಇಳಿಯುವ ಜಾಗ ಬಂತು. ಗಾಡಿಯಲ್ಲಿ ಗಂಟೆ ಇರಲಿಲ್ಲ, ಬಾಯಿಬಿಟ್ಟು ಕೂಗಬೇಕು. ಏನಂತ ಕೂಗುವುದು? ನಾನು ಓದಿಕೊಂಡು ಹೋಗಿದ್ದ ಪುಸ್ತಕದಲ್ಲಿ ‘ನಿಮ್ಮ ದೇಶ ಯಾವುದು’, ‘ಇಂದು ಹವಾಮಾನ ಚೆನ್ನಾಗಿದೆ’ ಎಲ್ಲ ಇತ್ತು, ಇದೊಂದು ಇರಲಿಲ್ಲ. ಕೊನೆಗೆ ಹಿಂದಿನ ಸೀಟಿನ ಅಜ್ಜಿ ‘ಯವ್ ಲೊಕ್!’ ಅಂತ ಕೂಗಿದರು, ಗಾಡಿ ನಿಂತಿತು, ನಾನೂ ಅವರ ಹಿಂದೆ ಇಳಿದುಬಿಟ್ಟೆ. ಎರಡು ಸ್ಟಾಪ್ ವಾಪಸ್ ನಡೆಯುವಷ್ಟರಲ್ಲಿ ಆ ಎರಡು ಪದ ಬಾಯಿಪಾಠ ಆಗಿತ್ತು.

ಆಮೇಲೆ ನಾನು ಕಲಿತಿದ್ದೆಲ್ಲ ಹೀಗೇ. ಪದಪಟ್ಟಿ ಬಿಟ್ಟೆ. ಯಾವ ಜಾಗದಲ್ಲಿ ಯಾವ ಮಾತು ಬೇಕೋ ಅದನ್ನು ಇಡಿಯಾಗಿ, ಕೊನೆಯ ಪುಟ್ಟ ಉಸಿರಿನ ‘ಬಾಲ’ದ ಸಮೇತ ಕಲಿತೆ. ಕೆಲಸಕ್ಕೆ, ಓದಿಗೆ, ಸುತ್ತಾಟಕ್ಕೆ ಅಂತ ಹಾಂಗ್‌ಕಾಂಗ್, ಮಕಾವ್, ಗ್ವಾಂಗ್‌ಜೌ ಕಡೆ ಹೋಗುವ ಕನ್ನಡಿಗರಿಗೆ ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಬಲ್ಲವರಿಗೆ ಈ ಭಾಷೆಯಲ್ಲಿ ಕೆಲವು ವಿಷಯ ಪುಕ್ಕಟೆಯಾಗಿ ಸಿಗುತ್ತದೆ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಆ ಭಾಗ್ಯ ಇಲ್ಲ.

ಹೆಜ್ಜೆ 1: ಕಲಿಯುತ್ತಿರುವುದು ಯಾವ ಭಾಷೆ ಅಂತ ತಿಳಿದುಕೊಳ್ಳಿ

ಚೀನಾದವರೆಲ್ಲ ಮಾತಾಡುವುದು ಒಂದೇ ಭಾಷೆ ಅಲ್ಲ. ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್ ಮಾತ್ರ ಗೊತ್ತಿರುವ ಬೀಜಿಂಗ್‌ನವರಿಗೆ ಹಾಂಗ್‌ಕಾಂಗ್ ಸಂತೆಯ ಮಾತು ತಲೆಬುಡ ಅರ್ಥವಾಗುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನರ ದಿನದ ಮಾತು ಕ್ಯಾಂಟೊನೀಸ್. ಮಕಾವ್‌ನಲ್ಲೂ ಗ್ವಾಂಗ್‌ಡಾಂಗ್ ಪ್ರಾಂತ್ಯದ ದೊಡ್ಡ ಭಾಗದಲ್ಲೂ ಅದೇ.

ಇನ್ನೊಂದು ತೊಡಕಿದೆ, ನಮಗೆ ಪರಿಚಯ ಇರುವಂಥದ್ದೇ. ಅಲ್ಲಿ ಆಡುವುದು ಒಂದು, ಬರೆಯುವುದು ಇನ್ನೊಂದು. ಪತ್ರಿಕೆ, ಸಿನಿಮಾದ ಸಬ್‌ಟೈಟಲ್, ಸರ್ಕಾರಿ ಪತ್ರ ಎಲ್ಲ ಮ್ಯಾಂಡರಿನ್ ಆಧಾರದ ಶಿಷ್ಟ ಚೀನೀ ಬರಹದಲ್ಲಿ ಇರುತ್ತದೆ. ‘ತಿನ್ನು’ ಅನ್ನಲು ಬಾಯಲ್ಲಿ ಒಂದು ಪದ, ಕಾಗದದ ಮೇಲೆ ಬೇರೆ ಪದ. ‘ಅವನು’, ‘ಅಲ್ಲ’, ‘ನೋಡು’, ‘ಕುಡಿ’ ಇವಕ್ಕೂ ಹಾಗೇ. ಕ್ಯಾಂಟೊನೀಸ್ ಸಿನಿಮಾ ಹಾಡುಗಳಲ್ಲೂ ಹೆಚ್ಚಿನವು ಈ ಬರಹದ ಭಾಷೆಯಲ್ಲೇ ಇರುತ್ತವೆ, ಉಚ್ಚಾರ ಮಾತ್ರ ಕ್ಯಾಂಟೊನೀಸ್. ಹಾಡು ಕೇಳಿ ಕಲಿತ ಭಾಷೆಯಲ್ಲಿ ಟೀ ಕೇಳುವುದು, ದರ್ಶಿನಿಯಲ್ಲಿ ನಿಂತು ‘ಎನಗೊಂದು ಲೋಟ ಚಹವನ್ನು ದಯಪಾಲಿಸುವಿರಾ’ ಅಂದ ಹಾಗೆ. ಹಾಡು ಕೇಳಿ, ಖುಷಿಪಡಿ. ಅದರಿಂದ ಮಾತು ಕಲಿಯಬೇಡಿ.

ಆಡುಮಾತನ್ನೇ ಬರೆದ ಬೋರ್ಡು, ಜಾಹೀರಾತು, ಮೆಸೇಜು ಕೂಡ ಬೇಕಾದಷ್ಟಿವೆ. ಗುರುತು ಹಿಡಿಯಲು ಒಂದು ಉಪಾಯ: ಅಕ್ಷರಗಳ ಎಡಗಡೆ ಪುಟ್ಟ ಚೌಕ ಜಾಸ್ತಿ ಕಾಣುತ್ತಿದ್ದರೆ ಅದು ಆಡುಮಾತು. ಆ ಚೌಕ ಅಂದರೆ ‘ಬಾಯಿ’.

ಹೆಜ್ಜೆ 2: ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಅಕ್ಷರಗಳನ್ನು ಕೆಲಸಕ್ಕೆ ಹಚ್ಚಿ

ಕ್ಯಾಂಟೊನೀಸ್‌ಗೆ ರೋಮನ್ ಅಕ್ಷರದ ಒಂದು ಪದ್ಧತಿ ಇದೆ, ಹೆಸರು ಯುಟ್‌ಪಿಂಗ್. ಹಾಂಗ್‌ಕಾಂಗ್‌ನ ಭಾಷಾವಿಜ್ಞಾನ ಸಂಘ 1993ರಲ್ಲಿ ಮಾಡಿದ್ದು. ನಿಘಂಟು, ಆ್ಯಪ್‌ಗಳಲ್ಲಿ ಇದನ್ನೇ ನೋಡುತ್ತೀರಿ. ಆದರೆ ಅದನ್ನು ಇಂಗ್ಲಿಷಿನಂತೆ ಓದಿದರೆ ಕೆಟ್ಟಿರಿ. ಅದರಲ್ಲಿ ಬಿ ಕಂಡರೆ ಅದು ನಮ್ಮ ಪ, ಪಿ ಕಂಡರೆ ಫ. ಡಿ ಅಂದರೆ ತ, ಟಿ ಅಂದರೆ ಥ. ಜಿ ಅಂದರೆ ಕ, ಕೆ ಅಂದರೆ ಖ. ಝಡ್ ಅಂದರೆ ಚ, ಸಿ ಅಂದರೆ ಛ. ಜೆ ಅಂದರೆ ಯ. ಬ, ದ, ಗ ಇಲ್ಲವೇ ಇಲ್ಲ. ಇರುವುದು ಅಲ್ಪಪ್ರಾಣ, ಮಹಾಪ್ರಾಣದ ಜಗಳ ಮಾತ್ರ.

ಈ ಜಗಳ ನಮಗೆ ಒಂದನೇ ಕ್ಲಾಸಿನಿಂದ ಗೊತ್ತು. ಆದರೆ ಮಾತಿನಲ್ಲಿ ನಾವು ಕಥೆಯನ್ನು ‘ಕತೆ’ ಮಾಡಿ, ಮಹಾಪ್ರಾಣವನ್ನು ಮನೆಯಲ್ಲೇ ಬಿಟ್ಟು ಬರುವವರು ಅಲ್ವಾ? ಇಲ್ಲಿ ಅದನ್ನು ಜೊತೆಗೆ ಕರೆದುಕೊಂಡು ಬನ್ನಿ. ‘ಫೆಙ್’ ಅಂದರೆ ಅಗ್ಗ, ‘ಪೆಙ್’ ಅಂದರೆ ಕಾಯಿಲೆ. ಅಂಗೈಯನ್ನು ಬಾಯಿ ಮುಂದೆ ಹಿಡಿದುಕೊಂಡು ಎರಡನ್ನೂ ಹೇಳಿ. ಫೆಙ್ ಅಂದಾಗ ಗಾಳಿ ತಾಗಬೇಕು, ಪೆಙ್ ಅಂದಾಗ ತಾಗಬಾರದು.

ದೀರ್ಘ, ಹ್ರಸ್ವವೂ ಪುಕ್ಕಟೆ. ‘ಸಾಮ್’ ಅಂದರೆ ಮೂರು, ‘ಸಮ್’ ಅಂದರೆ ಹೃದಯ. ‘ಕಾಯ್’ ಅಂದರೆ ಬೀದಿ, ‘ಕಯ್’ ಅಂದರೆ ಕೋಳಿ. ನಮಗೆ ಇದು ಕಲ, ಕಾಲದಷ್ಟು ಸುಲಭ.

ಇನ್ನು ಙ. ಕಾಗುಣಿತ ಬರೆಯುವಾಗ ಬಿಟ್ಟರೆ ಜನ್ಮದಲ್ಲಿ ಅದನ್ನು ಮುಟ್ಟಿರುವುದಿಲ್ಲ. ಇಲ್ಲಿ ‘ನಾನು’ ಅನ್ನುವುದೇ ‘ಙೋ’. ಮೂಗಿನಿಂದ ನೇರವಾಗಿ ಶುರುಮಾಡಿ, ನಡುವೆ ಗ ಬರಬಾರದು. ಕಷ್ಟವಾದರೆ ‘ಓ’ ಅಂದುಬಿಡಿ. ಹಾಂಗ್‌ಕಾಂಗ್‌ನ ಹುಡುಗರೂ ಹಾಗೇ ಅನ್ನುತ್ತಾರೆ. ‘ನೇಯ್’ (ನೀನು) ಅನ್ನುವುದನ್ನು ‘ಲೇಯ್’ ಅನ್ನುತ್ತಾರೆ. ಹಿರಿಯರು ಇದನ್ನು ಸೋಮಾರಿ ಉಚ್ಚಾರ ಅಂತ ಬೈಯುವುದುಂಟು. ನೀವು ಕೇಳಿದಾಗ ಗೊಂದಲ ಆಗದಿದ್ದರೆ ಸಾಕು.

ನಮ್ಮವರು ಎಡವುವುದು ಪದದ ಕೊನೆಯಲ್ಲಿ. ಬಸ್ ಅನ್ನು ಬಸ್ಸು, ಲುಕ್ ಅನ್ನು ಲುಕ್ಕು ಮಾಡುವುದು ನಮ್ಮ ರಕ್ತದಲ್ಲೇ ಇದೆ. ಕ್ಯಾಂಟೊನೀಸ್‌ನಲ್ಲಿ ಕೊನೆಯ ಕ್, ತ್, ಪ್ ಅರ್ಧಕ್ಕೇ ನಿಲ್ಲುತ್ತದೆ. ‘ಸಪ್’ (ಹತ್ತು) ಅನ್ನುವಾಗ ತುಟಿ ಮುಚ್ಚಿ, ಮತ್ತೆ ತೆರೆಯಬೇಡಿ. ಸಪ್ಪು ಅಂದರೆ ಅವರಿಗೆ ಎರಡು ಪದ ಕೇಳಿಸುತ್ತದೆ.

ಮುಂದೆ ಫ಼ ಅಂತ ಕೆಳಗೆ ಚುಕ್ಕೆ ಇಟ್ಟು ಬರೆದಿದ್ದರೆ ಅದು ಕಾಫಿಯ ಫ. ಚುಕ್ಕೆ ಇಲ್ಲದ್ದು ಮಹಾಪ್ರಾಣ.

ಹೆಜ್ಜೆ 3: 394052

ಇದು ಯಾರ ಫೋನ್ ನಂಬರೂ ಅಲ್ಲ. ಕ್ಯಾಂಟೊನೀಸ್‌ನಲ್ಲಿ ಆರು ಸ್ವರ. ಅಂದರೆ ಒಂದೇ ಉಚ್ಚಾರವನ್ನು ಆರು ಎತ್ತರದಲ್ಲಿ ಹೇಳಿದರೆ ಆರು ಅರ್ಥ. ಈ ಆರು ಅಂಕಿಗಳನ್ನು ಕ್ಯಾಂಟೊನೀಸ್‌ನಲ್ಲಿ ಎಣಿಸಿದರೆ ಆರು ಸ್ವರಗಳೂ ಸರಿಯಾದ ಕ್ರಮದಲ್ಲಿ ಬರುತ್ತವೆ:

ಸಾಮ್1 (ಮೂರು): ಮೇಲೆ, ಸಮತಟ್ಟು.
ಕವ್2 (ಒಂಬತ್ತು): ನಡುವಿನಿಂದ ಮೇಲಕ್ಕೆ ಏರುತ್ತದೆ.
ಸೇಯ್3 (ನಾಲ್ಕು): ನಡುವೆ, ಸಮತಟ್ಟು.
ಲಿಙ್4 (ಸೊನ್ನೆ): ಕೆಳಗೆ ಕುಸಿಯುತ್ತದೆ, ಸುಸ್ತಾದವರ ನಿಟ್ಟುಸಿರಿನಂತೆ.
ಙ್5 (ಐದು): ಕೆಳಗಿನಿಂದ ಸ್ವಲ್ಪ ಏರುತ್ತದೆ.
ಯಿ6 (ಎರಡು): ಕೆಳಗೆ, ಸಮತಟ್ಟು.

ಐದು ಅನ್ನುವುದರಲ್ಲಿ ಸ್ವರಾಕ್ಷರವೇ ಇಲ್ಲ, ಬರೀ ಮೂಗು. ಇದರ ಹಿಂದೆ 786 ಸೇರಿಸಿ: ಛತ್1, ಪಾತ್3, ಲುಕ್6. ಕ್, ತ್, ಪ್‌ನಲ್ಲಿ ಮುಗಿಯುವ ಮೊಟಕು ಸ್ವರಗಳೂ ಬಂದವು. ಒಂದು ವಾರ ಸ್ನಾನ ಮಾಡುವಾಗ ಈ ಒಂಬತ್ತು ಅಂಕಿಗಳನ್ನು ಹೇಳಿಕೊಳ್ಳಿ. ಯಾವುದಾದರೂ ಪದದ ಸ್ವರ ಅನುಮಾನ ಬಂದರೆ ‘ಇದು ಒಂಬತ್ತರ ಹಾಗಾ, ಸೊನ್ನೆಯ ಹಾಗಾ’ ಅಂತ ಹೋಲಿಸಿ ನೋಡಿ. ಈ ಲೇಖನದಲ್ಲಿ ಪದದ ಪಕ್ಕದ ಅಂಕಿ ಅಂದರೆ ಅದೇ.

ಸ್ವರ ತಪ್ಪಿದರೆ ಏನಾಗುತ್ತದೆ? ಮಾಯ್5 ಅಂದರೆ ಕೊಳ್ಳುವುದು, ಮಾಯ್6 ಅಂದರೆ ಮಾರುವುದು. ಥೊಙ್1 ಅಂದರೆ ಸೂಪು, ಥೊಙ್4 ಅಂದರೆ ಸಕ್ಕರೆ. ಹೋಟೆಲಿನಲ್ಲಿ ‘ಮಾಯ್4 ತಾನ್1’ ಅಂದರೆ ಬಿಲ್ ಕೊಡಿ. ನಾನು ಬಹಳ ದಿನ ‘ಮಾಯ್5 ತಾನ್2’ ಅನ್ನುತ್ತಿದ್ದೆ. ಅದರ ಅರ್ಥ ಮೊಟ್ಟೆ ಕೊಳ್ಳುವುದು. ಮಾಣಿ ನಗದೆ ಬಿಲ್ಲನ್ನೇ ತಂದುಕೊಟ್ಟ. ಸಂದರ್ಭ ನಮ್ಮನ್ನು ಕಾಪಾಡುತ್ತದೆ, ಅದಕ್ಕೇ ಜಾಸ್ತಿ ಹೆದರಬೇಡಿ.

ಎರಡು ಕಡೆ ಮಾತ್ರ ಹುಷಾರು. ‘ಹೌದು’ ಅನ್ನುವ ಹಯ್6 ಕೆಳಗಿನ ಸ್ವರದಲ್ಲಿ ಇರಬೇಕು, ಮೇಲಿನ ಒಂದನೇ ಸ್ವರಕ್ಕೆ ಹೋದರೆ ಅದು ಹೊಲಸು ಬೈಗುಳ. ಕವ್2 (ಒಂಬತ್ತು) ಅನ್ನುವುದನ್ನು ಒಂದನೇ ಸ್ವರದಲ್ಲಿ ಹೇಳಿದರೂ ಹಾಗೇ. ಕನ್ನಡದಲ್ಲಿ ಉತ್ಸಾಹ ಬಂದಾಗ ‘ಹೌದು!’ ಅಂತ ಧ್ವನಿ ಏರಿಸುವ ಅಭ್ಯಾಸ ಇದ್ದವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಹೆಜ್ಜೆ 4: ಎರಡು ಥ್ಯಾಂಕ್ಸ್

ಮೊದಲ ದಿನ ಒಂದೇ ಮಾತು ಕಲಿಯುವುದಾದರೆ ‘ಮ್4 ಕೊಯ್1’ ಕಲಿಯಿರಿ. ಲಿಫ್ಟಿನ ಬಾಗಿಲು ಹಿಡಿದವರಿಗೆ, ನೀರು ತಂದುಕೊಟ್ಟವರಿಗೆ, ದಾರಿ ಹೇಳಿದವರಿಗೆ ಮ್4 ಕೊಯ್1. ಮಾಣಿಯನ್ನು ಕರೆಯಲೂ ಅದೇ, ‘ಸ್ವಲ್ಪ ಜಾಗ ಬಿಡಿ’ ಅನ್ನಲೂ ಅದೇ, ‘ದಯವಿಟ್ಟು’ ಅನ್ನಲೂ ಅದೇ. ದಿನಕ್ಕೆ ಐವತ್ತು ಸಲ ಅಂದರೂ ಯಾರೂ ಬೇಸರಪಡುವುದಿಲ್ಲ.

ಆದರೆ ಯಾರಾದರೂ ಉಡುಗೊರೆ ಕೊಟ್ಟರೆ, ಊಟ ಹಾಕಿಸಿದರೆ, ಹೊಗಳಿದರೆ ಅದು ನಡೆಯದು. ಅಲ್ಲಿ ‘ತೋ1 ಚೇ6’ ಅನ್ನಬೇಕು. ಮಾಡಿದ ಕೆಲಸಕ್ಕೆ ಒಂದು, ಕೊಟ್ಟ ವಸ್ತುವಿಗೆ ಒಂದು. ಅಂಗಡಿಯಲ್ಲಿ ಇದನ್ನು ಗಮನಿಸಿ ನೋಡಿ, ಮಜಾ ಇರುತ್ತದೆ. ಸಾಮಾನು ಕಟ್ಟಿಕೊಟ್ಟಿದ್ದಕ್ಕೆ ನೀವು ಮ್4 ಕೊಯ್1 ಅನ್ನುತ್ತೀರಿ, ದುಡ್ಡು ಕೊಟ್ಟಿದ್ದಕ್ಕೆ ಅಂಗಡಿಯವರು ತೋ1 ಚೇ6 ಅನ್ನುತ್ತಾರೆ.

ಯಾರಾದರೂ ನಿಮಗೆ ಮ್4 ಕೊಯ್1 ಅಂದರೆ ‘ಮ್4 ಸಯ್2’ ಅನ್ನಿ. ‘ಅದೆಲ್ಲ ಬೇಡ’ ಅಂತ ಅರ್ಥ. ಕಾಲು ತುಳಿದರೆ ‘ಮ್4 ಹೊವ್2 ಯಿ3 ಸಿ1’. ನಿಮ್ಮ ಕಾಲನ್ನು ಅವರು ತುಳಿದರೆ ‘ಮ್4 ಕನ್2 ಯಿವ್3’, ಅಂದರೆ ಪರವಾಗಿಲ್ಲ. ಈ ‘ಮ್4’ ಅನ್ನುವುದೇ ಇಲ್ಲ, ಅಲ್ಲ ಅನ್ನುವ ಪದ. ತುಟಿ ಮುಚ್ಚಿಕೊಂಡೇ ಹೇಳುವ ‘ಇಲ್ಲ’.

ಹೆಜ್ಜೆ 5: ಊಟ ಆಯ್ತಾ

ಪುಸ್ತಕದ ‘ನೇಯ್5 ಹೊವ್2’ (ನಮಸ್ಕಾರ) ಪರಿಚಯ ಇಲ್ಲದವರಿಗೆ. ದಿನಾ ನೋಡುವ ವಾಚ್‌ಮನ್‌ಗೆ, ಪಕ್ಕದ ಮನೆಯವರಿಗೆ ಬೆಳಿಗ್ಗೆ ‘ಚೊವ್2 ಸನ್4’ ಅನ್ನಿ. ಮಧ್ಯಾಹ್ನ ಸಿಕ್ಕರೆ:

ಸಿಕ್6 ಚೋ2 ಫ಼ಾನ್6 ಮೇಯ್6 ಆ3?

ಊಟ ಆಯ್ತಾ! ಸಿಕ್ ಅಂದರೆ ತಿನ್ನು, ಚೋ ಅಂದರೆ ಮುಗಿಯಿತು, ಫ಼ಾನ್ ಅಂದರೆ ಅನ್ನ, ಮೇಯ್ ಅಂದರೆ ಇನ್ನೂ ಇಲ್ಲ. ಕೊನೆಯ ಆ ಅನ್ನುವುದು ಬಾಲ, ಅದರ ಕತೆ ಹೆಜ್ಜೆ 9ರಲ್ಲಿ. ನಮ್ಮಲ್ಲಿಯ ಹಾಗೆ ಇದು ಊಟದ ಬಗ್ಗೆ ವಿಚಾರಣೆ ಅಲ್ಲ, ಮಾತಿಗೆ ಮುನ್ನುಡಿ. ‘ಸಿಕ್6 ಚೋ2 ಲಾ3’ (ಆಯ್ತು) ಅಂದರೆ ಮುಗಿಯಿತು. ‘ಮೇಯ್6 ಆ3’ (ಇನ್ನೂ ಇಲ್ಲ) ಅಂದರೂ ಅವರು ಬಡಿಸುವುದಿಲ್ಲ.

ಪ್ರಶ್ನೆ ಕೇಳುವ ಇನ್ನೊಂದು ರೀತಿಯೂ ನಮಗೆ ಹೊಸದಲ್ಲ. ‘ಬರ್ತೀಯೋ ಇಲ್ವೋ’ ಅನ್ನುವ ಹಾಗೆ ಕ್ರಿಯಾಪದವನ್ನು ಎರಡು ಸಲ ಹೇಳಿ ನಡುವೆ ‘ಮ್4’ ಇಡುತ್ತಾರೆ. ‘ತಕ್1 ಮ್4 ತಕ್1 ಆ3?’ ಅಂದರೆ ಆಗುತ್ತೋ ಇಲ್ವೋ. ಉತ್ತರ ಕೊಡುವಾಗ ಅದೇ ಪದ ವಾಪಸ್: ‘ತಕ್1’ ಅಂದರೆ ಆಗುತ್ತೆ, ‘ಮ್4 ತಕ್1’ ಅಂದರೆ ಆಗಲ್ಲ. ಬೇಕಾ ಅಂದರೆ ಬೇಕು, ಗೊತ್ತಾ ಅಂದರೆ ಗೊತ್ತು ಅನ್ನುವವರಲ್ವಾ ನಾವು? ಇಂಗ್ಲಿಷಿನ ಎಸ್, ನೋ ಹುಡುಕುತ್ತಾ ಕೂರುವವರಿಗೇ ಇಲ್ಲಿ ಕಷ್ಟ.

ಹೆಜ್ಜೆ 6: ಮಿನಿಬಸ್ ನಿಲ್ಲಿಸಿ

ನನ್ನ ಹಳೆಯ ಸೇಡಿಗೆ ಬಂದೆ. ಹಾಂಗ್‌ಕಾಂಗ್ ಮಿನಿಬಸ್‌ಗಳಲ್ಲಿ ಹಿಂದೆ 16 ಸೀಟು, 2017ರಿಂದ 19 ಸೀಟಿನವೂ ಬಂದಿವೆ. ಹಸಿರು ಚಾವಣಿಯವು ಗೊತ್ತಾದ ದಾರಿ, ಗೊತ್ತಾದ ದರದವು. ಕೆಂಪು ಚಾವಣಿಯವು ಸ್ವಲ್ಪ ಸ್ವತಂತ್ರ ಜೀವಿಗಳು, ಮಾತು ಜಾಸ್ತಿ ಬೇಕಾಗುವುದು ಅಲ್ಲೇ.

‘ಯವ್5 ಲೊಕ್6’ ಅಂದರೆ ‘ಇಳಿಯುವವರು ಇದ್ದಾರೆ’. ಅದರ ಮುಂದೆ ಜಾಗ ಸೇರಿಸಿ, ಹಿಂದೆ ಮ್4 ಕೊಯ್1 ಸೇರಿಸಿ:

ಕಾಯ್1 ಹವ್2 ಯವ್5 ಲೊಕ್6, ಮ್4 ಕೊಯ್1: ಬೀದಿ ಮೂಲೆಯಲ್ಲಿ ಇಳೀತೀನಿ.
ತಙ್1 ವಯ್2 ಯವ್5 ಲೊಕ್6: ಸಿಗ್ನಲ್ ಹತ್ತಿರ.
ಚ್ಯೂನ್3 ವಾನ್1 ಯವ್5 ಲೊಕ್6: ತಿರುವಿನಲ್ಲಿ.
ಛಿನ್4 ಮಿನ್6 ಯವ್5 ಲೊಕ್6: ಮುಂದೆ.

ಹೊಟ್ಟೆಯಿಂದ ಕೂಗಬೇಕು. ಡ್ರೈವರ್ ಬಾಯಿಬಿಟ್ಟು ಉತ್ತರ ಕೊಡದೆ ಸುಮ್ನೆ ಒಂದು ಕೈ ಎತ್ತಿದರೆ ಕೇಳಿಸಿತು ಅಂತ ಅರ್ಥ. ಕೈ ಏಳಲಿಲ್ಲವಾ, ಇನ್ನೊಮ್ಮೆ ಕೂಗಿ. ನಾಚಿಕೆಪಟ್ಟವರು ನಡೆಯುತ್ತಾರೆ, ನನ್ನನ್ನೇ ನೋಡಿ.

ಹೆಜ್ಜೆ 7: ಸಂತೆಗೆ ಹೋಗಿ

ಸಂತೆ ಅಂದರೆ ಅಭ್ಯಾಸಕ್ಕೆ ಒಳ್ಳೆಯ ಶಾಲೆ. ಮಾತು ಚಿಕ್ಕದು, ದಿನಾ ಅದೇ, ತಪ್ಪಾದರೆ ಬೆರಳು ತೋರಿಸಬಹುದು. ‘ಬೆಲೆ ಎಷ್ಟು’ ಅನ್ನಲು ‘ಕೇಯ್2 ತೋ1 ಛಿನ್2 ಆ3’ ಇದೆ. ನನಗೆ ಇಷ್ಟ ‘ತಿಮ್2 ಮಾಯ್6 ಆ3?’ ಅದಕ್ಕೆ ‘ಹೇಗೆ ಮಾರ್ತೀರಿ’ ಅಂತ ಅರ್ಥ, ಅಂದರೆ ನಮ್ಮ ‘ಹೆಂಗಮ್ಮಾ ಟೊಮೇಟೊ?’

ತೂಕ ಕಿಲೋದಲ್ಲಿ ಅಲ್ಲ, ‘ಕನ್1’ನಲ್ಲಿ. ಒಂದು ಕನ್ ಅಂದರೆ ಸುಮಾರು 605 ಗ್ರಾಂ. ಅದರಲ್ಲಿ 16 ‘ಲೊಙ್2’. ಅರ್ಧ ಕನ್ ಬೇಕಾದರೆ ‘ಪುನ್3 ಕನ್1’ ಅನ್ನಿ. ಇಬ್ಬರು ಒಬ್ಬರಿಗಿಂತ ಒಬ್ಬರು ಕಡಿಮೆ ಇಲ್ಲ ಅನ್ನುವಾಗ ‘ಪುನ್3 ಕನ್1 ಪಾತ್3 ಲೊಙ್2’ ಅನ್ನುತ್ತಾರೆ. ಅರ್ಧ ಕನ್, ಎಂಟು ಲೊಙ್, ಎರಡೂ ಒಂದೇ. ಹದಿನಾರಾಣೆಯ ರೂಪಾಯಿ ಕಂಡ ನಮ್ಮ ಅಜ್ಜನಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ: ಅರ್ಧ ರೂಪಾಯಿ, ಎಂಟಾಣೆ.

ಡಾಲರಿಗೆ ‘ಮನ್1’. ಸಪ್6 ಮನ್1 ಅಂದರೆ ಹತ್ತು ಡಾಲರ್. ಹನ್ನೆರಡೂವರೆಗೆ ‘ಸಪ್6 ಯಿ6 ಕೋ3 ಪುನ್3’. ಚೌಕಾಸಿಗೆ ‘ಫೆಙ್4 ತಿ1 ಲಾ1’, ಸ್ವಲ್ಪ ಕಡಿಮೆ ಮಾಡ್ರೀ. ತರಕಾರಿ ಅಂಗಡಿಯಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ, ಬೀದಿಬದಿಯ ಬಟ್ಟೆ, ಆಟಿಕೆ ಮಾರುವ ಕಡೆ ನಡೆಯುತ್ತದೆ. ಚೀಲ ಬೇಡ ಅನ್ನಲು ‘ಮ್4 ಯಿವ್3 ತೊಯ್2’. 2022ರ ಕೊನೆಯಿಂದ ಪ್ಲಾಸ್ಟಿಕ್ ಚೀಲಕ್ಕೆ ಕಡಿಮೆಯೆಂದರೂ ಒಂದು ಡಾಲರ್ ಆಗಿದೆ, ಹಾಗಾಗಿ ಈ ಮಾತು ದುಡ್ಡೂ ಉಳಿಸುತ್ತದೆ.

ಅಂಗಡಿಯವರು ನಿಮ್ಮನ್ನು ‘ಲೆಙ್3 ಚಯ್2’ (ಚೆಂದದ ಹುಡುಗ), ‘ಲೆಙ್3 ನೊಯ್5’ (ಚೆಂದದ ಹುಡುಗಿ) ಅಂತ ಕರೆದರೆ ಉಬ್ಬಬೇಡಿ. ಅರವತ್ತು ವರ್ಷದವರಿಗೂ ಹಾಗೇ ಅನ್ನುತ್ತಾರೆ, ನಮ್ಮ ಅಣ್ಣ, ಅಕ್ಕ ಇದ್ದ ಹಾಗೆ. ನೀವೂ ವಾಪಸ್ ಅನ್ನಬಹುದು, ಆದರೆ ಲೆಙ್ ಮೂರನೇ ಸ್ವರದಲ್ಲೇ ಇರಲಿ. ‘ಲೆಙ್1 ಚಯ್2’ ಅಂದರೆ ಪುಂಡ ಹುಡುಗ.

ಹೆಜ್ಜೆ 8: ಟೀ ಅಂಗಡಿಯಲ್ಲಿ, ಸಸ್ಯಾಹಾರಿಗಳ ಸಂಕಟದೊಂದಿಗೆ

‘ಛಾ4 ಛಾನ್1 ಥೆಙ್1’ ಅಂದರೆ ಟೀಯೂ ತಿಂಡಿಯೂ ಸಿಗುವ ಹಾಂಗ್‌ಕಾಂಗ್‌ನ ದರ್ಶಿನಿ. ಛಾ ಅಂದರೆ ಚಹಾ. ಎರಡೂ ಪದ ಒಂದೇ ಬೇರಿನವು. ಒಬ್ಬರೇ ಹೋದರೆ ಗೊತ್ತಿಲ್ಲದವರ ಜೊತೆ ಮೇಜು ಹಂಚಿಕೊಳ್ಳಬೇಕು. ಅದಕ್ಕೆ ‘ತಾಪ್3 ಥೊಯ್2’ ಅನ್ನುತ್ತಾರೆ.

ಬಿಸಿಗೆ ‘ಯಿತ್6’, ತಣ್ಣಗಿನದಕ್ಕೆ ‘ತುಙ್3’. ಹಾಲಿನ ಟೀ ‘ನಾಯ್5 ಛಾ4’. ಸಕ್ಕರೆ ಕಡಿಮೆಗೆ ‘ಸಿವ್2 ಥಿಮ್4’. ಐಸ್ ಬೇಡದಿದ್ದರೆ ‘ಚವ್2 ಪಿಙ್1’. ಈ ‘ಚವ್2’ ಅಂದರೆ ಹೊರಟುಹೋಗು ಅಂತ. ಐಸನ್ನು ಮನೆಗೆ ಕಳಿಸಿ ಅಂದ ಹಾಗೆ. ಮೇಲೆ ಉದುರಿಸುವ ಈರುಳ್ಳಿ ಸೊಪ್ಪು ಬೇಡವಾದರೆ ‘ಚವ್2 ಛೆಙ್1’, ಹಸಿರನ್ನು ಕಳಿಸಿ. ‘ಛಾ4 ಚವ್2’ ಅಂದರೆ ಮಾತ್ರ ಟೀ ಓಡಿಹೋಗುವುದಿಲ್ಲ. ಮಾಮೂಲಿ ಹಾಲು, ಸಕ್ಕರೆ ಬಿಟ್ಟು ಸಿಹಿಯಾದ ಗಟ್ಟಿ ಹಾಲು ಹಾಕಿದ ಟೀ ಬರುತ್ತದೆ. ಟೀ, ಕಾಫಿ ಎರಡನ್ನೂ ಬೆರೆಸಿದ ‘ಯ್ಯೂನ್1 ಯೊಙ್1’ ಒಮ್ಮೆ ಕುಡಿಯಿರಿ. ನಮ್ಮ ಫಿಲ್ಟರ್ ಕಾಫಿಯವರಿಗೆ ಅದು ಪಾಪದಂತೆ ಕಾಣಬಹುದು. ನನಗೆ ಎರಡನೇ ಲೋಟದಿಂದ ಹಿಡಿಸಿತು.

ಈಗ ಸಂಕಟ. ‘ಙೋ5 ಸಿಕ್6 ಚಾಯ್1’ ಅಂದರೆ ನಾನು ಸಸ್ಯಾಹಾರಿ. ಚಾಯ್ ಅನ್ನುವುದು ಮೂಲದಲ್ಲಿ ಬೌದ್ಧರ ವ್ರತದ ಊಟ, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಚಾಯ್ ತಿನ್ನುವ ಹಿರಿಯರು ಈಗಲೂ ಇದ್ದಾರೆ, ನಮ್ಮಲ್ಲಿ ಏಕಾದಶಿ ಹಿಡಿದವರಂತೆ. ಆದರೆ ಮಾಮೂಲಿ ಹೋಟೆಲಿನಲ್ಲಿ ಚಾಯ್ ಅಂದ ಮಾತ್ರಕ್ಕೆ ನಂಬಿ ಕೂರಬೇಡಿ. ಸೊಪ್ಪಿನ ಪಲ್ಯದ ಮೇಲೆ ಸಿಂಪಿಯ (ಆಯ್‌ಸ್ಟರ್) ಸಾಸ್ ಇರುತ್ತದೆ, ಸೂಪಿನ ನೀರು ಮೂಳೆಯದ್ದಾಗಿರುತ್ತದೆ. ಬಿಡಿಬಿಡಿಯಾಗಿ ಕೇಳಿ. ‘ಯವ್5 ಮೊವ್5 ಯುಕ್6 ಆ3?’ (ಮಾಂಸ ಇದೆಯೋ ಇಲ್ವೋ), ಯುಕ್ ಜಾಗದಲ್ಲಿ ‘ಹಾ1’ (ಸಿಗಡಿ), ‘ಹೊವ್4 ಯವ್4’ (ಸಿಂಪಿ ಸಾಸ್), ‘ಕಯ್1 ತಾನ್2’ (ಮೊಟ್ಟೆ) ಹಾಕುತ್ತಾ ಹೋಗಿ. ‘ಮೊವ್5’ ಅಂದರೆ ಇಲ್ಲ.

ಅಂದಹಾಗೆ ‘ಚಾಯ್1 ಫ಼ೇ1’ ಅಂದರೆ ಬರೀ ಬ್ಲ್ಯಾಕ್ ಕಾಫಿ. ಏನೂ ಸೇರಿಸದ ಕಾಫಿ ಅವರ ಲೆಕ್ಕದಲ್ಲಿ ವ್ರತದ ಕಾಫಿ!

ಹೆಜ್ಜೆ 9: ಬಾಲ ಹಿಡಿಯಿರಿ

ಇಲ್ಲಿಗೆ ಬಂದವರು ಸ್ವಲ್ಪ ನಿಧಾನ ಮಾಡಿ. ಪುಸ್ತಕಗಳು ಕೊನೆಯ ಪುಟಕ್ಕೆ ತಳ್ಳುವ ವಿಷಯ ಇದು. ಕ್ಯಾಂಟೊನೀಸ್ ಮಾತಿಗೆ ಜೀವ ಇರುವುದು ವಾಕ್ಯದ ಕೊನೆಯ ಪುಟ್ಟ ಉಸಿರುಗಳಲ್ಲಿ. ಒಂದು ವಾಕ್ಯ ತೆಗೆದುಕೊಳ್ಳಿ: ‘ಖೊಯ್5 ಮ್4 ಲಯ್4’, ಅವನು ಬರುವುದಿಲ್ಲ. (ಅವಳು ಅಂತಲೂ ಆಗುತ್ತದೆ, ಗಂಡು ಹೆಣ್ಣಿಗೆ ಒಂದೇ ಪದ. ಖೊಯ್ ಅನ್ನುವಾಗ ತುಟಿ ದುಂಡಗೆ ಮಾಡಿ, ಒಳಗೆ ಎ ಅನ್ನಿ.) ಈಗ ಬಾಲ ಬದಲಾಯಿಸಿ:

ಖೊಯ್5 ಮ್4 ಲಯ್4 ಆ4? ಅವನು ಬರಲ್ವಾ?
ಖೊಯ್5 ಮ್4 ಲಯ್4 ಮೇ1? ಏನು, ಬರಲ್ವಾ?!
ಖೊಯ್5 ಮ್4 ಲಯ್4 ಕ್ವಾ3. ಬರಲ್ಲ ಅನ್ಸುತ್ತೆ.
ಖೊಯ್5 ಮ್4 ಲಯ್4 ವೋ5. ಬರಲ್ವಂತೆ.
ಖೊಯ್5 ಮ್4 ಲಯ್4 ಲೋ1. ಬರಲ್ಲ, ಇನ್ನೇನು ಮತ್ತೆ.

‘ವೋ5’ ಮೊದಲ ಸಲ ಅರ್ಥವಾದ ದಿನ ನನಗೆ ಊರಿಗೆ ಹೋದಷ್ಟು ಖುಷಿಯಾಗಿತ್ತು. ಇನ್ನೊಬ್ಬರು ಹೇಳಿದ್ದು, ನನ್ನ ಮೇಲೆ ಜವಾಬ್ದಾರಿ ಇಲ್ಲ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಅರ್ಧ ವಾಕ್ಯ ಬೇಕು. ನಮಗೆ ‘ಅಂತೆ’ ಸಾಕು, ಅವರಿಗೆ ‘ವೋ’ ಸಾಕು.

ಇವುಗಳ ಇನ್ನೊಂದು ಕೆಲಸವೂ ಇದೆ. ಸ್ವರ ಬದಲಾದರೆ ಅರ್ಥವೇ ಬದಲಾಗುವ ಭಾಷೆಯಲ್ಲಿ ಕೋಪ, ಅಚ್ಚರಿ, ಅನುಮಾನಕ್ಕೆ ಧ್ವನಿಯನ್ನು ಮನಬಂದಂತೆ ಎಳೆಯುವ ಹಾಗಿಲ್ಲ. ಆ ಭಾರದಲ್ಲಿ ಹೆಚ್ಚಿನದನ್ನು ಬಾಲ ಹೊರುತ್ತದೆ. ಹಾಗಾಗಿ ಪ್ರಶ್ನೆ ಕೇಳುವಾಗ ಕೊನೆಯ ಪದವನ್ನು ಎತ್ತಬೇಡಿ, ಅದರ ಸ್ವರ ಕೆಡುತ್ತದೆ. ಪದವನ್ನು ಅದರ ಎತ್ತರದಲ್ಲೇ ಬಿಟ್ಟು ಬಾಲ ಅಂಟಿಸಿ. ‘ಆ3’ ಅಂತೂ ಎಲ್ಲ ಕಡೆ ಬೇಕು. ಅದಿಲ್ಲದೆ ‘ಎಲ್ಲಿ’ ಅಂದರೆ ಪೊಲೀಸ್ ಕೇಳಿದ ಹಾಗೆ, ಆ ಸೇರಿಸಿದರೆ ‘ಎಲ್ಲಪ್ಪಾ’. ‘ಲಾ1’ ಒತ್ತಾಯಕ್ಕೆ, ‘ಬಾರೋ ಮಾರಾಯ’ದ ಮಾರಾಯ ಅದು.

ಜೊತೆಗೆ ‘ಹಾ5’ ಕಲಿಯಿರಿ. ಕ್ರಿಯಾಪದದ ಹಿಂದೆ ಇಟ್ಟರೆ ನಮ್ಮ ‘ಸ್ವಲ್ಪ’ ಆಗುತ್ತದೆ. ‘ತಙ್2 ಹಾ5’ ಅಂದರೆ ಸ್ವಲ್ಪ ಇರಿ, ‘ಥಯ್2 ಹಾ5’ ಅಂದರೆ ಸ್ವಲ್ಪ ನೋಡೋಣ. ಸ್ವಲ್ಪ ಅಡ್ಜಸ್ಟ್ ಮಾಡಿ ಅನ್ನುವ ನಾಡಿನಿಂದ ಬಂದವರಿಗೆ ಇದರ ಬಳಕೆ ಯಾರೂ ಕಲಿಸಬೇಕಾಗಿಲ್ಲ.

ಹೆಜ್ಜೆ 10: ಒಗ್ಗರಣೆ

ಬೆನ್ನು ತಟ್ಟಲು ‘ಕಾ1 ಯವ್4’, ಅಕ್ಷರಶಃ ಎಣ್ಣೆ ಹಾಕು. ಇದರ ಇಂಗ್ಲಿಷ್ ಅನುವಾದ 2018ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು. ಹರಟೆ ಹೊಡೆಯುವುದಕ್ಕೆ ‘ಛೊಯ್1 ಸೊಯ್2’, ನೀರು ಊದುವುದು. ತಲೆ ಕೆಟ್ಟವನಿಗೆ ‘ಛಿ1 ಸಿನ್3’, ವೈರು ಅಂಟಿಕೊಂಡಿದೆ. ಗೆಳೆಯರ ನಡುವೆ ಸರಿ, ಬಾಸ್ ಮುಂದೆ ಬೇಡ. ಕೆಲಸದಿಂದ ತೆಗೆದರೆ ‘ಛಾವ್2 ಯವ್4 ಯ್ಯೂ2’, ಸ್ಕ್ವಿಡ್ ಮೀನು ಹುರಿಯುವುದು. ಹುರಿದಾಗ ಅದು ಹಾಸಿಗೆ ಸುತ್ತಿದಂತೆ ಸುರುಳಿಯಾಗುತ್ತದೆ, ಹೊರಟವನೂ ಹಾಸಿಗೆ ಸುತ್ತಿಕೊಂಡೇ ಹೋಗಬೇಕು. ‘ಅಯ್ಯೋ’ಗೆ ‘ಆಯ್1 ಯಾ3’. ಅದನ್ನು ಕಲಿಯಬೇಕಾಗಿಯೇ ಇಲ್ಲ, ಸ್ವಲ್ಪ ತಿರುಗಿಸಿದರೆ ಸಾಕು.

ಇಂಗ್ಲಿಷ್ ಬೆರಕೆಗೆ ನಾಚಬೇಡಿ. ಅವರೂ ನಮ್ಮ ಹಾಗೇ. ಬಸ್ ‘ಪಾ1 ಸಿ2’, ಟ್ಯಾಕ್ಸಿ ‘ತಿಕ್1 ಸಿ2’, ಲಿಫ್ಟ್ ‘ಲಿಪ್1’. ಹ್ಯಾಪಿ ಅನ್ನುವ ಪದವನ್ನೂ ಕತ್ತರಿಸಿ ‘ಹ್ಯಾಪ್ ಮ್4 ಹ್ಯಾಪಿ ಆ3?’ ಅಂತ ಕೇಳುತ್ತಾರೆ. ಖುಷಿನೋ ಇಲ್ವೋ!

ಒಂದು ಕಹಿ ಪದವೂ ಗೊತ್ತಿರಲಿ. ಭಾರತೀಯರನ್ನು ‘ಯನ್3 ತೊವ್6 ಯನ್4’ ಅನ್ನುವುದು ಸರಿ. ‘ಆ3 ಛಾ1’ ಅಂತ ಕೇಳಿಸಿದರೆ ಅದು ಹೀಯಾಳಿಕೆ. ನಮ್ಮವರ ‘ಅಚ್ಛಾ’ದಿಂದ ಬಂತು ಅಂತ ಹೇಳುವುದುಂಟು. ನೀವು ಬಳಸಬೇಡಿ, ತಮಾಷೆಗೂ.

ಹೆಜ್ಜೆ 11: ದಿನಾ ಹದಿನೈದು ನಿಮಿಷ

ದಿನಕ್ಕೆ ಎರಡೇ ಮಾತು. ಬೆಳಿಗ್ಗೆ ಆರಿಸಿ, ಸಂಜೆಯೊಳಗೆ ಯಾರಿಗಾದರೂ ಹೇಳಿ. ಹೇಳದ ಮಾತು ಲೆಕ್ಕಕ್ಕಿಲ್ಲ. ಉಚ್ಚಾರ, ಉದಾಹರಣೆಗೆ ವರ್ಡ್ಸ್ ಡಾಟ್ ಎಚ್‌ಕೆ ಅನ್ನುವ ಆನ್‌ಲೈನ್ ನಿಘಂಟು ಚೆನ್ನಾಗಿದೆ, ಆಡುಮಾತಿನ ವಾಕ್ಯಗಳೇ ಇವೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರಲ್ಲಿ ಕ್ಯಾಂಟೊನೀಸ್ ಬಂತು. ಅದು ಕೊಡುವ ವಾಕ್ಯವನ್ನು ಯಾರಾದರೂ ಅಲ್ಲಿಯವರಿಗೆ ತೋರಿಸಿಯೇ ಬಳಸಿ, ಬರಹದ ಭಾಷೆ ನುಸುಳಿರಬಹುದು.

ಮೆಟ್ರೊದಲ್ಲಿ ಕಿವಿ ತೆರೆದಿಡಿ. ಪ್ರಕಟಣೆ ಮೊದಲು ಕ್ಯಾಂಟೊನೀಸ್, ಆಮೇಲೆ ಮ್ಯಾಂಡರಿನ್, ಕೊನೆಗೆ ಇಂಗ್ಲಿಷ್. ‘ಹಾ6 ಯತ್1 ಚಾಮ್6’ (ಮುಂದಿನ ನಿಲ್ದಾಣ) ಆದ ಮೇಲೆ ಬರುವ ಹೆಸರನ್ನು ಇಂಗ್ಲಿಷ್ ಬರುವ ಮೊದಲೇ ಗುರುತಿಸಲು ನೋಡಿ. ಬೋರ್ಡಿನ ಇಂಗ್ಲಿಷ್ ಕಾಗುಣಿತ ನಂಬಬೇಡಿ, ಅದರಲ್ಲಿ ಸ್ವರವೂ ಇಲ್ಲ, ಮಹಾಪ್ರಾಣದ ಗುರುತೂ ಇಲ್ಲ. ಕೌಲೂನ್ ಅಂತ ಓದುವುದು ನಿಜದಲ್ಲಿ ‘ಕವ್2 ಲುಙ್4’, ಒಂಬತ್ತು ಡ್ರ್ಯಾಗನ್.

ರೇಡಿಯೊದಲ್ಲಿ ಆರ್‌ಟಿಎಚ್‌ಕೆ (ಹಾಂಗ್‌ಕಾಂಗ್‌ನ ಸರ್ಕಾರಿ ಬಾನುಲಿ) ಹಾಕಿಕೊಂಡು ಅಡುಗೆ ಮಾಡಿ. ವಾರ್ತೆ ಬಿಡಿ, ಕೇಳುಗರು ಫೋನ್ ಮಾಡಿ ಗೊಣಗುವ ಕಾರ್ಯಕ್ರಮ ಕೇಳಿ. ಬಾಲಗಳ ಜಾತ್ರೆ ಅಲ್ಲಿದೆ. ವಾರಕ್ಕೊಮ್ಮೆ ನಿಮ್ಮ ಧ್ವನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮುಜುಗರ ಆಗುತ್ತದೆ. ಆದರೆ ಲುಕ್ಕು, ಸಪ್ಪು ಎಲ್ಲಿ ನುಸುಳುತ್ತಿದೆ ಅಂತ ಬೇರೆ ಯಾರೂ ಹೇಳುವುದಿಲ್ಲ.

ಇಷ್ಟಾದರೂ ನೀವು ಬಾಯಿಬಿಟ್ಟ ಕೂಡಲೇ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಹಾಂಗ್‌ಕಾಂಗ್‌ನವರಿಗೆ ಪುರುಸೊತ್ತಿಲ್ಲ, ನಿಮಗೆ ಸುಲಭವಾಗಲಿ ಅನ್ನುವ ಒಳ್ಳೆಯ ಮನಸ್ಸೂ ಇದೆ. ಆಗ ಹೇಳಿ: ‘ಙೋ5 ಹೊಕ್6 ಕನ್2 ಕ್ವೊಙ್2 ತುಙ್1 ವಾ2’, ನಾನು ಕ್ಯಾಂಟೊನೀಸ್ ಕಲಿಯುತ್ತಿದ್ದೇನೆ. ಅರ್ಥವಾಗದಿದ್ದರೆ ‘ಕೊಙ್2 ಮಾನ್6 ತಿ1 ಲಾ1’, ಸ್ವಲ್ಪ ನಿಧಾನವಾಗಿ ಹೇಳಿ. ಹೆಚ್ಚಿನವರು ವಾಪಸ್ ಕ್ಯಾಂಟೊನೀಸ್‌ಗೆ ಬರುತ್ತಾರೆ, ಪಕ್ಕದ ಅಂಗಡಿಯವರನ್ನೂ ಕರೆಯುತ್ತಾರೆ, ನೀವು ಚೆನ್ನಾಗಿ ಮಾತಾಡುತ್ತೀರಿ ಅಂತ ಹೊಗಳುತ್ತಾರೆ. ಆಗ ‘ಮಾ4 ಮಾ2 ತೇಯ್2 ಲಾ1’ ಅನ್ನಿ. ಏನೋ, ಹೀಗೇ ಸುಮಾರಾಗಿ.